ಕಾರ್ಖಾನೆಯ ಸಂದರ್ಶನದಲ್ಲಿ ಸುರಕ್ಷತೆಯ ಪ್ರಶ್ನೆಗೆ ಉತ್ತರಿಸುವ ಬಗೆ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುವ ಹುಡುಗ ಹುಡುಗಿಯರು ತಮ್ಮ ಟ್ರೇಡಿನ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಉತ್ತರ ಕೊಡುತ್ತಾರೆ. ಮೈಕ್ರೊಮೀಟರ್ ಓದುವುದನ್ನು, ಸ್ಟಾರ್-ಡೆಲ್ಟಾ ಸ್ಟಾರ್ಟರಿನ ವೈರಿಂಗನ್ನು ತಡವರಿಸದೆ ವಿವರಿಸುವವರು, ‘ಸೇಫ್ಟಿ ಬಗ್ಗೆ ಏನು ಗೊತ್ತು?’ ಎಂದು ಕೇಳಿದ ಕೂಡಲೇ ‘ಸೇಫ್ಟಿ ಫಸ್ಟ್ ಸರ್. ಹೆಲ್ಮೆಟ್, ಶೂ, ಗ್ಲೌಸ್ ಹಾಕ್ಕೋಬೇಕು’ ಎಂದು ಹೇಳಿ ನಿಲ್ಲಿಸಿಬಿಡುತ್ತಾರೆ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಗೋಡೆಯ ಮೇಲಿನ ಫಲಕವನ್ನು ಓದಿದವರೆಲ್ಲ ಇಷ್ಟನ್ನು ಹೇಳಬಲ್ಲರು. ಎದುರು ಕುಳಿತ ಪ್ಲಾಂಟ್ ಮ್ಯಾನೇಜರ್ ತಿಳಿಯಬಯಸುವುದು ಬೇರೆ. ಈ ಅಭ್ಯರ್ಥಿಗೆ ಯಂತ್ರದ ಮುಂದೆ ನಿಂತಾಗ ಕೇಡು ಯಾವ ಕಡೆಯಿಂದ ಬರುತ್ತದೆ ಎಂಬುದು ಕಾಣುತ್ತದೆಯೇ, ಕಂಡ ಮೇಲೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ನಂತರ ಮಾಡಬೇಕು ಎಂಬ ಕ್ರಮ ತಲೆಯಲ್ಲಿದೆಯೇ, ಅವಸರದ ಹೊತ್ತಿನಲ್ಲಿ ಆ ಕ್ರಮವನ್ನು ಕೈಬಿಡದೆ ಇರುತ್ತಾನೆಯೇ ಎಂಬುದನ್ನು ಅವರು ಪರೀಕ್ಷಿಸುತ್ತಿರುತ್ತಾರೆ.

ಗ್ಲೌಸಿನ ಮಾತನ್ನೇ ತೆಗೆದುಕೊಳ್ಳೋಣ. ಟರ್ನರ್ ಅಥವಾ ಫಿಟ್ಟರ್ ಹುದ್ದೆಗೆ ಬಂದವರನ್ನು ‘ಲೇತ್ ಮೇಲೆ ಕೆಲಸ ಮಾಡುವಾಗ ಏನು ಹಾಕಿಕೊಳ್ಳುತ್ತೀರಿ?’ ಎಂದು ಕೇಳಿದರೆ, ಅನೇಕರ ಪಟ್ಟಿಯಲ್ಲಿ ಗ್ಲೌಸ್ ತಪ್ಪದೆ ಬರುತ್ತದೆ. ಅಲ್ಲಿಯೇ ಸಂದರ್ಶಕರಿಗೆ ಉತ್ತರ ಸಿಕ್ಕಿಬಿಡುತ್ತದೆ. ತಿರುಗುವ ಚಕ್ (ಲೇತಿನಲ್ಲಿ ಲೋಹದ ತುಂಡನ್ನು ಹಿಡಿದು ತಿರುಗಿಸುವ ಭಾಗ) ಅಥವಾ ಡ್ರಿಲ್ಲಿನ ಬಳಿ ಗ್ಲೌಸ್ ಹಾಕಬಾರದು, ಏಕೆಂದರೆ ಬಟ್ಟೆಯ ತುದಿ ಸಿಕ್ಕಿಕೊಂಡರೆ ಬೆರಳಷ್ಟೇ ಅಲ್ಲ, ಇಡೀ ಕೈ ಒಳಗೆ ಎಳೆದುಹೋಗುತ್ತದೆ. ಉಂಗುರ, ಕೈಗಡಿಯಾರ, ಸಡಿಲವಾದ ತೋಳು, ನಮ್ಮ ಕಡೆಯ ಗಂಡಸರು ರೂಢಿಯಿಂದ ಹೆಗಲ ಮೇಲೆ ಹಾಕಿಕೊಳ್ಳುವ ಟವೆಲ್, ಹೆಣ್ಣುಮಕ್ಕಳ ದುಪಟ್ಟಾ, ಬಿಟ್ಟ ಜಡೆ ಇವೆಲ್ಲವೂ ಅದೇ ಕಾರಣಕ್ಕೆ ಅಲ್ಲಿ ಸಲ್ಲ. ಅಲ್ಲಿ ಬೇಕಾದದ್ದು ಕಣ್ಣಿಗೆ ಕನ್ನಡಕ, ಮೈಗೆ ಅಂಟಿದ ಉಡುಪು, ಕಾಲಿಗೆ ಗಟ್ಟಿ ಶೂ. ಚಕ್ ಕೀಯನ್ನು ಚಕ್ಕಿನಲ್ಲಿಯೇ ಬಿಟ್ಟು ಯಂತ್ರ ಚಾಲೂ ಮಾಡಬಾರದು, ಲೋಹದ ಚೂರುಗಳನ್ನು ಯಂತ್ರ ನಿಲ್ಲಿಸಿ ಬ್ರಷ್ ಅಥವಾ ಕೊಕ್ಕೆಯಿಂದ ತೆಗೆಯಬೇಕೇ ಹೊರತು ಕೈಯಿಂದಲ್ಲ. ಅದೇ ಅಭ್ಯರ್ಥಿ ಹರಿತವಾದ ತಗಡನ್ನು ಎತ್ತಿಡುವ ಕೆಲಸಕ್ಕೆ ಗ್ಲೌಸ್ ಬೇಕೇ ಬೇಕು ಎಂದು ಬಿಡಿಸಿ ಹೇಳಿದರೆ, ಆತ ನಿಯಮವನ್ನು ಕಂಠಪಾಠ ಮಾಡಿದವನಲ್ಲ, ಅದರ ಕಾರಣವನ್ನು ಅರಿತವನು ಎಂಬುದು ಸಂದರ್ಶಕರಿಗೆ ತಿಳಿಯುತ್ತದೆ. ಸುರಕ್ಷತೆಯ ಯಾವ ಉತ್ತರದಲ್ಲಿಯೂ ತೂಕ ಬರುವುದು ಕಾರಣದಿಂದಲೇ.

ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ ಹಜಾರ್ಡ್ ಮತ್ತು ರಿಸ್ಕ್ ನಡುವಿನ ವ್ಯತ್ಯಾಸದ್ದು. ಇದಕ್ಕೆ ಪುಸ್ತಕದ ವ್ಯಾಖ್ಯೆ ಒಪ್ಪಿಸುವುದಕ್ಕಿಂತ ಕಣ್ಣಾರೆ ಕಂಡ ಜಾಗವೊಂದನ್ನು ಹಿಡಿದು ಹೇಳುವುದು ಒಳ್ಳೆಯದು. ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಕಾದ ಮರಳಿನಲ್ಲಿ ಅಕ್ಕಿಯನ್ನು ಅರಳಿಸುವ ಆ ಒಲೆಯ ಮುಂದೆ ಬೆಂಕಿಯಿದೆ, ಸುಡುವ ಮರಳಿದೆ, ಹೊಗೆಯಿದೆ, ಹೊಟ್ಟಿನ ಬೂದಿಯಿದೆ. ಕೇಡು ಮಾಡುವ ಶಕ್ತಿಯಿರುವ ಇವೆಲ್ಲವೂ ಹಜಾರ್ಡ್. ಆ ಕೇಡು ಯಾರಿಗೆ, ಎಷ್ಟು ಸಲ, ಎಷ್ಟು ತೀವ್ರವಾಗಿ ತಟ್ಟಬಹುದು ಎಂಬ ಅಂದಾಜು ರಿಸ್ಕ್. ಮಂಡಕ್ಕಿ ಒಯ್ಯಲು ಬಂದು ಬಾಗಿಲಲ್ಲಿ ನಿಂತ ಗಿರಾಕಿಗೂ ದಿನವಿಡೀ ಒಲೆಯ ಮುಂದೆ ಕೂರುವವರಿಗೂ ಹೊಗೆ ಒಂದೇ ಆದರೂ ರಿಸ್ಕ್ ಒಂದೇ ಅಲ್ಲ.

ಅಲ್ಲಿಂದ ಸಂದರ್ಶಕರು ‘ಹಾಗಾದರೆ ಅದನ್ನು ಕಡಿಮೆ ಮಾಡಲು ಏನು ಮಾಡುತ್ತೀರಿ?’ ಎಂದು ಮುಂದುವರಿಯುವುದು ಸಹಜ. ಈ ವಿಷಯದಲ್ಲಿ ಜಗತ್ತಿನೆಲ್ಲೆಡೆ ಒಪ್ಪಿತವಾದ ಐದು ಹಂತಗಳ ಕ್ರಮವೊಂದಿದೆ. ಮೊದಲನೆಯದು ಕೇಡಿನ ಮೂಲವನ್ನೇ ಇಲ್ಲವಾಗಿಸುವುದು: ಭಟ್ಟಿಯಲ್ಲಿ ಕೈಯಿಂದ ಹುರಿಯುವುದನ್ನು ಬಿಟ್ಟು, ಬೆಂಕಿಯ ಬಳಿ ಮನುಷ್ಯ ಕೂರಬೇಕಾಗಿಲ್ಲದ ಮುಚ್ಚಿದ ಡ್ರಮ್ಮಿನ ಯಂತ್ರ ತರುವುದು. ಎರಡನೆಯದು ಹೆಚ್ಚು ಕೆಟ್ಟದ್ದರ ಬದಲಿಗೆ ಕಡಿಮೆ ಕೆಟ್ಟದ್ದನ್ನು ಬಳಸುವುದು: ಹಳೆಯ ಟೈರು, ಪ್ಲಾಸ್ಟಿಕ್ ಸುಡುವುದನ್ನು ನಿಲ್ಲಿಸಿ ಶುದ್ಧವಾಗಿ ಉರಿಯುವ ಇಂಧನಕ್ಕೆ ಬದಲಾಗುವುದು. ಮೂರನೆಯದು ಕಟ್ಟಡ ಮತ್ತು ಯಂತ್ರದಲ್ಲಿಯೇ ತಡೆ ಒಡ್ಡುವುದು: ಒಲೆಗೂ ಕೆಲಸಗಾರರಿಗೂ ನಡುವೆ ಶಾಖ ತಡೆಯುವ ಗೋಡೆ, ಎತ್ತರದ ಚಿಮಣಿ, ಗಾಳಿ ಎಳೆಯುವ ಫ್ಯಾನ್. ನಾಲ್ಕನೆಯದು ಕೆಲಸದ ಪದ್ಧತಿಯನ್ನು ತಿದ್ದುವುದು: ಪಾಳಿ ಬದಲಿಸುವುದು, ಕುಡಿಯುವ ನೀರು, ವಿಶ್ರಾಂತಿ, ತರಬೇತಿ. ಐದನೆಯದಾಗಿ, ಎಲ್ಲಕ್ಕಿಂತ ಕೊನೆಗೆ, ಮಾಸ್ಕ್, ಕನ್ನಡಕ, ಗ್ಲೌಸ್. ಇವು ಕೊನೆಗೆ ಬರುವುದಕ್ಕೂ ಕಾರಣವಿದೆ. ಮಾಸ್ಕ್ ಹಾಕಿದರೂ ಹೊಗೆ ಅಲ್ಲಿಯೇ ಇರುತ್ತದೆ. ಸೆಕೆಯಿಂದಾಗಿ ಒಂದು ಗಳಿಗೆ ಅದನ್ನು ಕೆಳಗೆ ಸರಿಸಿದರೆ ರಕ್ಷಣೆ ಆ ಗಳಿಗೆಯಲ್ಲಿಯೇ ಮುಗಿಯುತ್ತದೆ. ಗೋಡೆಯಾದರೆ ಯಾರೂ ನೆನಪಿಸದಿದ್ದರೂ ತನ್ನ ಕೆಲಸವನ್ನು ತಾನು ಮಾಡುತ್ತಲೇ ಇರುತ್ತದೆ. ತಂದೆಯೋ ತಾಯಿಯೋ ಭಟ್ಟಿಯಲ್ಲಿ ದುಡಿದ ಮನೆಯಿಂದ ಬಂದವರು ಈ ಉದಾಹರಣೆ ಕೊಡಲು ಸಂಕೋಚಪಡಬೇಕಾಗಿಲ್ಲ. ಇಂಥ ಉತ್ತರ ಪುಸ್ತಕದಿಂದ ಸಿಗುವುದಿಲ್ಲ, ಅನುಭವವಿಲ್ಲದ ಹೊಸಬನೆಂಬ ಕೊರತೆಯನ್ನೂ ಅದು ತುಂಬುತ್ತದೆ.

ಮೆಂಟೆನೆನ್ಸ್ ಕೆಲಸಕ್ಕೆ ಹೋಗುವವರು ಅತ್ಯಂತ ಎಚ್ಚರದಿಂದ ಸಿದ್ಧಪಡಿಸಿಕೊಳ್ಳಬೇಕಾದ ಉತ್ತರ ಯಂತ್ರವನ್ನು ನಿಲ್ಲಿಸಿ ಬೀಗ ಹಾಕುವ ಪದ್ಧತಿಯದು. ಕಾರ್ಖಾನೆಯವರು ಇದನ್ನು ಲಾಕ್‌ಔಟ್-ಟ್ಯಾಗ್‌ಔಟ್, ಚುಟುಕಾಗಿ ಲೋಟೊ ಎನ್ನುತ್ತಾರೆ. ಅಕ್ಕಿ ಗಿರಣಿಯಲ್ಲಿ ಧಾನ್ಯವನ್ನು ಬಕೆಟ್ಟುಗಳಲ್ಲಿ ಮೇಲಕ್ಕೆ ಒಯ್ಯುವ ಎಲಿವೇಟರ್ ಜಾಮ್ ಆಗಿದೆ, ಬಕೆಟ್ಟುಗಳ ನಡುವೆ ಸಿಕ್ಕಿದ ಚೀಲದ ತುಂಡನ್ನು ತೆಗೆಯಬೇಕಿದೆ ಎಂದುಕೊಳ್ಳಿ. ‘ಸ್ವಿಚ್ ಆಫ್ ಮಾಡಿ ತೆಗೆಯುತ್ತೇನೆ’ ಎಂಬುದು ಅರ್ಧ ಉತ್ತರ, ಏಕೆಂದರೆ ಪ್ಯಾನೆಲ್ ಬೋರ್ಡು ಇನ್ನೊಂದು ಕೋಣೆಯಲ್ಲಿರುತ್ತದೆ, ಯಂತ್ರ ಏಕೆ ನಿಂತಿದೆ ಎಂದು ತಿಳಿಯದ ಬೇರೊಬ್ಬರು ಅಲ್ಲಿ ಗುಂಡಿ ಒತ್ತಬಹುದು. ಪೂರ್ಣ ಉತ್ತರ ಹೀಗೆ ಸಾಗುತ್ತದೆ: ಮೊದಲು ಆಪರೇಟರಿಗೂ ಶಿಫ್ಟ್ ಇನ್‌ಚಾರ್ಜಿಗೂ ತಿಳಿಸಿ ಯಂತ್ರ ನಿಲ್ಲಿಸುತ್ತೇನೆ, ಮೇನ್ ಐಸೊಲೇಟರ್, ಅಂದರೆ ಯಂತ್ರದ ಕರೆಂಟನ್ನೇ ಕಡಿಯುವ ಸ್ವಿಚ್ಚನ್ನು ಆಫ್ ಮಾಡಿ ಅದಕ್ಕೆ ನನ್ನ ಸ್ವಂತ ಬೀಗ ಹಾಕಿ, ನನ್ನ ಹೆಸರು, ಸಮಯ, ಕಾರಣ ಬರೆದ ಟ್ಯಾಗ್ ಕಟ್ಟುತ್ತೇನೆ, ಬೀಗದ ಕೈ ನನ್ನ ಜೇಬಿನಲ್ಲಿಯೇ ಇರುತ್ತದೆ, ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ ಹಾಕುತ್ತೇವೆ, ಕರೆಂಟು ಹೋದ ಮೇಲೂ ಒಳಗೆ ಉಳಿದಿರುವ ಶಕ್ತಿಯನ್ನು, ಅಂದರೆ ಧಾನ್ಯ ತುಂಬಿದ ಬಕೆಟ್ಟುಗಳ ಭಾರಕ್ಕೆ ಬೆಲ್ಟು ಹಿಂದಕ್ಕೆ ಓಡುವುದನ್ನು, ಪೈಪಿನಲ್ಲಿ ನಿಂತ ಗಾಳಿಯ ಒತ್ತಡವನ್ನು, ಹಬೆಯನ್ನು ಬಿಡುಗಡೆ ಮಾಡುತ್ತೇನೆ ಇಲ್ಲವೆ ತಡೆದು ನಿಲ್ಲಿಸುತ್ತೇನೆ, ಆಮೇಲೆ ಸ್ಟಾರ್ಟ್ ಗುಂಡಿ ಒತ್ತಿ ಯಂತ್ರ ಏಳುವುದಿಲ್ಲ ಎಂದು ಖಚಿತಪಡಿಸಿಕೊಂಡ ನಂತರವೇ ಕೈ ಹಾಕುತ್ತೇನೆ. ಕೊನೆಯ ಈ ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಮೂರು ಬ್ರೇಕರುಗಳ ಸಾಲಿನಲ್ಲಿ ಪಕ್ಕದ ಯಂತ್ರದ ಬ್ರೇಕರಿಗೆ ಬೀಗ ಬಿದ್ದಿದ್ದರೆ ಅದನ್ನು ಹಿಡಿದುಕೊಡುವುದು ಆ ಪರೀಕ್ಷೆ ಮಾತ್ರ.

ಇನ್ನು ಮುಜುಗರ ತರುವ ಪ್ರಶ್ನೆ, ಯಂತ್ರದ ಅಪಾಯದ ಭಾಗವನ್ನು ಮುಚ್ಚುವ ಕವಚದ, ಅಂದರೆ ಗಾರ್ಡಿನ ಕುರಿತದ್ದು. ‘ಮಷಿನ್‌ನಲ್ಲಿ ಮಾಲು ಪದೇ ಪದೇ ಸಿಕ್ಕಿಕೊಳ್ತಿದೆ, ಆರ್ಡರ್ ಅರ್ಜೆಂಟ್ ಇದೆ. ಸೂಪರ್‌ವೈಸರ್ ಗಾರ್ಡ್ ತೆಗೆದು ಮಷಿನ್ ಓಡಿಸು ಅಂತಾರೆ. ನೀವೇನು ಮಾಡ್ತೀರಿ?’ ಹಿರಿಯರ ಮಾತಿಗೆ ಎದುರಾಡಬಾರದು ಎಂದು ಬೆಳೆದ ನಮ್ಮ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಕೆಲವರು ‘ಅವರು ಹೇಳಿದಂತೆ ಮಾಡುತ್ತೇನೆ’ ಎನ್ನುತ್ತಾರೆ, ಕೆಲವರು ವೀರಾವೇಶದಿಂದ ‘ಮೇಲಿನವರಿಗೆ ಕಂಪ್ಲೇಂಟ್ ಕೊಡುತ್ತೇನೆ’ ಎನ್ನುತ್ತಾರೆ. ಎರಡೂ ಸಮರ್ಪಕವಲ್ಲ. ಗೌರವ ಬಿಡದೆ, ಕೆಲಸವನ್ನೂ ಕೈಬಿಡದೆ, ಕೈಯನ್ನು ಮಾತ್ರ ಹಾಕದೆ ಇರುವುದು ಸರಿಯಾದ ದಾರಿ: ‘ಸರ್, ಗಾರ್ಡ್ ಇಲ್ಲದೆ ಓಡಿಸೋದು ಬೇಡ. ಯಾಕೆ ಪದೇ ಪದೇ ಸಿಕ್ಕಿಕೊಳ್ತಿದೆ ಅಂತ ಮೆಂಟೆನೆನ್ಸ್‌ನವರನ್ನ ಕರೆಸಿ ನೋಡೋಣ. ಅಲ್ಲಿವರೆಗೆ ಬೇರೆ ಮಷಿನ್‌ನಲ್ಲಿ ನಾನು ಕೆಲಸ ಮುಂದುವರಿಸ್ತೀನಿ ಅಂತ ಅವರಿಗೆ ಹೇಳ್ತೀನಿ. ಆದ್ರೂ ಒತ್ತಾಯ ಮಾಡಿದ್ರೆ ಸೇಫ್ಟಿ ಆಫೀಸರ್‌ಗೆ ತಿಳಿಸ್ತೀನಿ’. ಹೀಗೆ ಹೇಳಿದವರನ್ನು ಒಳ್ಳೆಯ ಕಂಪನಿ ತಿರಸ್ಕರಿಸುವುದಿಲ್ಲ. ಈ ಉತ್ತರಕ್ಕೆ ಹುಬ್ಬು ಗಂಟಿಕ್ಕುವ ಕಂಪನಿಯಿದ್ದರೆ, ಅದರ ಬಗ್ಗೆ ನಿಮಗೂ ಒಂದು ವಿಷಯ ಆ ಕೋಣೆಯಲ್ಲಿಯೇ ತಿಳಿದಂತಾಯಿತು.

ಈ ನಿಲುವಿಗೆ ಕಾನೂನಿನ ಬೆಂಬಲವೂ ಇದೆ. 1948ರ ಕಾರ್ಖಾನೆ ಕಾಯಿದೆಯ 21ನೇ ಕಲಂ ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಆವರಣ ಇರಬೇಕೆಂದು ಹೇಳಿತು. 1984ರ ಡಿಸೆಂಬರಿನ ಭೋಪಾಲ್ ಅನಿಲ ದುರಂತದ ತರುವಾಯ 1987ರಲ್ಲಿ ಆದ ತಿದ್ದುಪಡಿಯು, ಕೆಲಸದಲ್ಲಿನ ಅಪಾಯಗಳ ಬಗ್ಗೆ ಮಾಹಿತಿ ಪಡೆಯುವ ಹಕ್ಕನ್ನೂ, ಅಪಾಯಕಾರಿ ಪ್ರಕ್ರಿಯೆಗಳಲ್ಲಿ ಪ್ರಾಣಾಪಾಯದ ಸಂಭವ ಕಂಡಾಗ ಅದನ್ನು ಆಡಳಿತದ ಗಮನಕ್ಕೆ ತರುವ ಹಕ್ಕನ್ನೂ ಕೆಲಸಗಾರರಿಗೆ ಕೊಟ್ಟಿತು. ಈಗ ಆ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಈ ಸಂಹಿತೆ, ಕಾರ್ಖಾನೆ ಕಾಯಿದೆ, ಗಣಿ ಕಾಯಿದೆ ಸೇರಿದಂತೆ 13 ಕಾನೂನುಗಳನ್ನು ಒಂದುಗೂಡಿಸಿದೆ. ಹಳೆಯ ಗೈಡುಗಳಲ್ಲಿ ಓದಿಕೊಂಡು ಹೋಗುವವರು ಇಲ್ಲಿ ಎಡವುತ್ತಾರೆ. 1,000 ಕೆಲಸಗಾರರಿದ್ದರೆ ಸುರಕ್ಷತಾ ಅಧಿಕಾರಿ ಬೇಕೆಂಬುದು ಹಳೆಯ ಕಾಯಿದೆಯ ಮಾತು. ಹೊಸ ಸಂಹಿತೆಯಲ್ಲಿ ಅದು ಸಾಮಾನ್ಯ ಕಾರ್ಖಾನೆಗೆ 500, ಅಪಾಯಕಾರಿ ಪ್ರಕ್ರಿಯೆಯಿರುವ ಕಾರ್ಖಾನೆಗೆ 250, ಗಣಿಗೆ 100. ಸೂಪರ್‌ವೈಸರ್ ಅಥವಾ ಸುರಕ್ಷತಾ ವಿಭಾಗದ ಹುದ್ದೆಗೆ ಹೋಗುವವರಿಗೆ ಇದು ತಿಳಿದಿರಲೇಬೇಕು. ಫಿಟ್ಟರ್, ವೆಲ್ಡರ್ ಹುದ್ದೆಯವರಿಗೆ ಕಲಂಗಳ ಸಂಖ್ಯೆಗಿಂತ ತಮ್ಮ ಹಕ್ಕು ಮತ್ತು ಕರ್ತವ್ಯ ಏನೆಂಬುದು ತಿಳಿದಿದ್ದರೆ ಸಾಕು.

‘ನೀವು ಕಂಡ ಅಪಘಾತವೊಂದನ್ನು ಹೇಳಿ’ ಎಂದರೆ ‘ನಮ್ಮಲ್ಲಿ ಯಾವ ಅಪಘಾತವೂ ಆಗಿಲ್ಲ ಸರ್’ ಎಂದು ಹೆಮ್ಮೆಯಿಂದ ಹೇಳುವವರು ಇದ್ದಾರೆ. ಅನುಭವಿ ಸಂದರ್ಶಕರು ಇದನ್ನು ನಂಬುವುದಿಲ್ಲ, ನಂಬಿದರೂ ಇಷ್ಟಪಡುವುದಿಲ್ಲ. ಗಾಯವಾಗದೆ ಸ್ವಲ್ಪದರಲ್ಲಿ ತಪ್ಪಿದ ಘಟನೆ, ಕಾರ್ಖಾನೆಯ ಮಾತಿನಲ್ಲಿ ನಿಯರ್ ಮಿಸ್, ಎಲ್ಲರ ಬಳಿಯೂ ಇರುತ್ತದೆ. ಅಮೆರಿಕದ ಹರ್ಬರ್ಟ್ ಹೈನ್ರಿಕ್ ಎಂಬುವರು 1931ರಲ್ಲಿ, ಒಂದು ದೊಡ್ಡ ಗಾಯಕ್ಕೆ 29 ಸಣ್ಣ ಗಾಯಗಳೂ 300 ಗಾಯವಿಲ್ಲದ ಘಟನೆಗಳೂ ಇರುತ್ತವೆ ಎಂಬ ಲೆಕ್ಕ ಮುಂದಿಟ್ಟರು. ಆ ಸಂಖ್ಯೆಗಳು ಎಲ್ಲ ಉದ್ಯಮಕ್ಕೂ ಹೊಂದುವುದಿಲ್ಲ ಎಂಬ ಟೀಕೆ ಇಂದು ಬಲವಾಗಿದೆ, ಆದ್ದರಿಂದ ಅವನ್ನು ವೇದವಾಕ್ಯದಂತೆ ಹೇಳದಿರುವುದು ಒಳ್ಳೆಯದು. ಆದರೆ ತಪ್ಪಿದ ಘಟನೆಯನ್ನು ಮುಚ್ಚಿಡದೆ ವರದಿ ಮಾಡಬೇಕು ಎಂಬ ಅದರ ತಿರುಳನ್ನು ಇಂದಿಗೂ ಎಲ್ಲರೂ ಒಪ್ಪುತ್ತಾರೆ. ಐಟಿಐ ವರ್ಕ್‌ಶಾಪಿನಲ್ಲಿ ನೆಲಕ್ಕೆ ಚೆಲ್ಲಿದ ಕೂಲಂಟಿನ (ಲೋಹ ಕತ್ತರಿಸುವಾಗ ತಣಿಸಲು ಹಾಯಿಸುವ ದ್ರವ) ಮೇಲೆ ಗೆಳೆಯ ಜಾರಿದ್ದನ್ನೇ ಹೇಳಬಹುದು. ಹೇಳುವಾಗ, ಏನಾಯಿತು ಎಂಬಲ್ಲಿಗೆ ನಿಲ್ಲಿಸದೆ ಹಿಂದಕ್ಕೆ ಹೋಗಬೇಕು. ಏಕೆ ಜಾರಿದ? ಕೂಲಂಟ್ ಚೆಲ್ಲಿತ್ತು. ಏಕೆ ಚೆಲ್ಲಿತ್ತು? ಯಂತ್ರದ ಟ್ರೇ ಸೋರುತ್ತಿತ್ತು. ಸೋರುವುದು ಗೊತ್ತಿದ್ದೂ ಏಕೆ ಸರಿಪಡಿಸಲಿಲ್ಲ? ಯಾರಿಗೆ ತಿಳಿಸಬೇಕೆಂದು ಹುಡುಗರಿಗೆ ಯಾರೂ ಹೇಳಿರಲಿಲ್ಲ. ಇಲ್ಲಿಗೆ ಬಂದಾಗ, ಮರಳು ಹಾಕಿ ಒರೆಸಿದ್ದಲ್ಲದೆ ಯಂತ್ರದ ಪಕ್ಕದಲ್ಲಿ ದೋಷ ಬರೆಯುವ ಪುಸ್ತಕವೊಂದನ್ನು ಇಡಿಸಿದೆವು ಎಂಬ ಮಾತಿಗೆ ನಿಜವಾದ ಬೆಲೆ ಬರುತ್ತದೆ, ಅದು ನಿಜವಾಗಿದ್ದರೆ ಮಾತ್ರ. ಹುಟ್ಟಿಸಿಕೊಂಡು ಹೋದ ಕಥೆ ಎರಡನೇ ಮರುಪ್ರಶ್ನೆಗೆ ಬಿದ್ದುಹೋಗುತ್ತದೆ. ಹಾಗೆಯೇ ಜಾರಿದ ಗೆಳೆಯನ ಅಜಾಗರೂಕತೆಯೇ ಕಾರಣ ಎಂದು ಮುಗಿಸುವವರು, ನಾಳೆ ತಮ್ಮ ಕೈಕೆಳಗಿನವರ ಮೇಲೂ ತಪ್ಪು ಹೊರಿಸಿ ಸುಮ್ಮನಾಗುತ್ತಾರೆ ಎಂಬ ಶಂಕೆಗೆ ಎಡೆ ಕೊಡುತ್ತಾರೆ.

ತುರ್ತು ಸಂದರ್ಭದ ಪ್ರಶ್ನೆಗಳಲ್ಲಿ ಪರೀಕ್ಷೆಯಾಗುವುದು ಮೊದಲ ಹೆಜ್ಜೆ. ಸಹೋದ್ಯೋಗಿಗೆ ಕರೆಂಟು ಹೊಡೆದು ಅಂಟಿಕೊಂಡಿದ್ದರೆ ‘ಓಡಿ ಹೋಗಿ ಎಳೆಯುತ್ತೇನೆ’ ಎಂಬುದು ಪ್ರೀತಿಯ ಉತ್ತರವಾದರೂ ಎರಡು ಜೀವ ಕಳೆಯುವ ಉತ್ತರ. ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಆತ ಬಿಡುಗಡೆಯಾದ ಮೇಲೆ ಉಸಿರಾಟ ನೋಡಿ, ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಲು ಒಬ್ಬರಿಗೆ ಹೇಳಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತಲು ಆರಂಭಿಸಬೇಕು. ಪ್ಯಾನೆಲ್ ಬೋರ್ಡಿಗೆ ಬೆಂಕಿ ಬಿದ್ದರೆ ನೀರು ಸಲ್ಲ, ಕಾರ್ಬನ್ ಡೈಆಕ್ಸೈಡ್ ಅಥವಾ ಡ್ರೈ ಪೌಡರ್ ಬೇಕು. ದಾವಣಗೆರೆಯ ಹತ್ತಿ ಗಿರಣಿಗಳ ಕಾಲದಿಂದ ಬಂದ ತಿಳಿವಳಿಕೆಯೊಂದು ಇಂದಿಗೂ ಕೆಲಸಕ್ಕೆ ಬರುತ್ತದೆ: ಹತ್ತಿಯ ಅಂಡಿಗೆಯ ಮೇಲಿನ ಜ್ವಾಲೆ ಆರಿದರೂ ಒಳಗೆ ಕೆಂಡ ಹಾಗೆಯೇ ಹೊಗೆಯಾಡುತ್ತಿರುತ್ತದೆ, ಆದ್ದರಿಂದ ಅದನ್ನು ಹೊರಗೆ ಸಾಗಿಸಿ, ಬಿಚ್ಚಿ, ಒಳಗಿನ ತನಕ ನೀರು ಹಾಯಿಸುವವರೆಗೆ ಬೆಂಕಿ ಆರಿತೆಂದು ತಿಳಿಯಬಾರದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಟ್ಯಾಂಕು, ಗುಂಡಿ, ಸಂಪುಗಳ ಪ್ರಶ್ನೆಗೆ. ಸಕ್ಕರೆ ಕಾರ್ಖಾನೆಯ ಕಾಕಂಬಿ ಟ್ಯಾಂಕಿನಲ್ಲೋ ತ್ಯಾಜ್ಯ ನೀರಿನ ಗುಂಡಿಯಲ್ಲೋ ಇಳಿದವನು ಕುಸಿದುಬಿದ್ದರೆ, ಅವನನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದು ಎಲ್ಲರೂ ಸತ್ತ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಒಳಗೆ ಆಮ್ಲಜನಕ ಕಡಿಮೆಯಿರಬಹುದು, ಹೈಡ್ರೋಜನ್ ಸಲ್ಫೈಡ್ ತುಂಬಿರಬಹುದು. ಈ ಅನಿಲ ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯೇ ಮಡಿಯುತ್ತದೆ, ಆದ್ದರಿಂದ ‘ವಾಸನೆ ಬರುತ್ತಿಲ್ಲ, ಇಳಿಯಬಹುದು’ ಎಂಬ ಲೆಕ್ಕ ಸಾವಿನ ಲೆಕ್ಕ. ಸಂದರ್ಶನದಲ್ಲಿ ಹೇಳಬೇಕಾದದ್ದು ಇದು: ಲಿಖಿತ ಪರ್ಮಿಟ್ ಇಲ್ಲದೆ ಇಳಿಯುವುದಿಲ್ಲ, ಮೀಟರಿನಿಂದ ಮೊದಲು ಆಮ್ಲಜನಕ, ಆಮೇಲೆ ಹೊತ್ತಿಕೊಳ್ಳುವ ಅನಿಲ, ಆಮೇಲೆ ವಿಷಾನಿಲ ಪರೀಕ್ಷಿಸಬೇಕು, ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿದ್ದರೆ ಪ್ರವೇಶವಿಲ್ಲ. ಒಳಗೆ 24 ವೋಲ್ಟಿಗಿಂತ ಹೆಚ್ಚಿನ ಕೈದೀಪ ಒಯ್ಯುವುದಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿದ ಬೆಲ್ಟು ಇರಬೇಕು, ಟ್ಯಾಂಕು ಅಥವಾ ಗುಂಡಿಯ ಬಾಯಿಯ ಬಳಿ ಒಬ್ಬರು ಕಾವಲಿರಬೇಕು, ಆ ಕಾವಲಿನವರು ಏನೇ ಆದರೂ ತಾವು ಇಳಿಯದೆ ಹಗ್ಗದಿಂದ ಎಳೆದು, ಕೂಗಿ ರಕ್ಷಣಾ ತಂಡವನ್ನು ಕರೆಯಬೇಕು. ‘ನಿಮ್ಮ ಅಣ್ಣನೇ ಬಿದ್ದಿದ್ದರೆ?’ ಎಂದು ಸಂದರ್ಶಕರು ಕೆಣಕಿದರೂ ಉತ್ತರ ಬದಲಾಗಬಾರದು.

ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಳಿಗೆ ಹೋಗುವವರಿಗೆ ಪ್ರಶ್ನೆಗಳ ದಾರಿ ಬೇರೆ. ಗಣಿಯ ಸುರಕ್ಷತೆ ರಾಜ್ಯದ ಕಾರ್ಖಾನೆ ಇಲಾಖೆಗೆ ಸೇರಿದ್ದಲ್ಲ, ಧನ್‌ಬಾದಿನಲ್ಲಿ ಕೇಂದ್ರ ಕಚೇರಿಯಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಸೇರಿದ್ದು ಎಂಬುದನ್ನು ತಿಳಿದಿರಬೇಕು. ಡಂಪರಿನ ಚಾಲಕನಿಗೆ ಕಾಣದ ಜಾಗಗಳು ಯಾವುವು, ಸ್ಫೋಟದ ಸೈರನ್ನಿನ ನಂತರ ಎಲ್ಲಿ ನಿಲ್ಲಬೇಕು, ಸಿಡಿಯದೆ ಉಳಿದ ಮದ್ದಿನ ಬಳಿ ಏಕೆ ಹೋಗಬಾರದು, ಒಣ ಡ್ರಿಲ್ಲಿಂಗಿನ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಹೇಗೆ ತರುತ್ತದೆ ಎಂಬುದನ್ನು ಕೇಳುತ್ತಾರೆ. ಸಿಲಿಕೋಸಿಸ್ ಗುಣವಾಗದ ಕಾಯಿಲೆಯಾದ್ದರಿಂದ ನೀರು ಹಾಯಿಸಿ ಕೊರೆಯುವುದೇ ಮುಖ್ಯ, ಮಾಸ್ಕ್ ನಂತರದ್ದು ಎಂದರೆ ಮೇಲೆ ಹೇಳಿದ ಐದು ಹಂತಗಳ ಕ್ರಮ ಇಲ್ಲಿಯೂ ಬಂದಂತಾಯಿತು. ಜೋಗಿಮಟ್ಟಿಯ ಕಡೆಯ ಗಾಳಿಯಂತ್ರಗಳ ಕೆಲಸಕ್ಕೆ ಹೋಗುವವರು ಪೂರ್ಣ ದೇಹದ ಹಾರ್ನೆಸ್ (ಬಿದ್ದರೆ ತಡೆದು ಹಿಡಿಯುವ ಪಟ್ಟಿಗಳ ಕಟ್ಟು), ಎರಡು ಕೊಕ್ಕೆಗಳ ಹಗ್ಗ, ಒಂದನ್ನು ಬಿಚ್ಚುವ ಮುನ್ನ ಇನ್ನೊಂದನ್ನು ಸಿಕ್ಕಿಸುವ ಕ್ರಮ ಇವನ್ನು ಹೇಳಬೇಕು. ಬಿದ್ದು ಹಾರ್ನೆಸ್ಸಿನಲ್ಲಿ ನೇತಾಡುವವನನ್ನು ಬೇಗ ಇಳಿಸದಿದ್ದರೆ ಕಾಲಿನಲ್ಲಿ ರಕ್ತ ನಿಂತು ಪ್ರಾಣಕ್ಕೇ ಕುತ್ತಾಗಬಹುದು, ಆದ್ದರಿಂದ ಏರುವ ಮೊದಲೇ ಇಳಿಸುವ ಯೋಜನೆಯೂ ಸಿದ್ಧವಿರಬೇಕು.

ಸುರಕ್ಷತಾ ವಿಭಾಗಕ್ಕೇ ಅರ್ಜಿ ಹಾಕಿದವರಿಗೆ ಒಂದು ಲೆಕ್ಕವನ್ನು ಕೊಡುವುದುಂಟು. ಕೆಲಸಕ್ಕೆ ಬರಲಾಗದಷ್ಟು ಗಾಯವಾದ ಅಪಘಾತಗಳ ಸಂಖ್ಯೆಯನ್ನು 10 ಲಕ್ಷದಿಂದ ಗುಣಿಸಿ, ಎಲ್ಲರೂ ದುಡಿದ ಒಟ್ಟು ಗಂಟೆಗಳಿಂದ ಭಾಗಿಸಿದರೆ ಅಪಘಾತದ ಆವರ್ತನ ದರ ಸಿಗುತ್ತದೆ. 250 ಜನ ದಿನಕ್ಕೆ 8 ಗಂಟೆಯಂತೆ 300 ದಿನ ದುಡಿದರೆ 6,00,000 ಗಂಟೆ. ಅಂಥ ಅಪಘಾತಗಳು ಮೂರಾಗಿದ್ದರೆ ದರ 5. ಲೆಕ್ಕ ಸುಲಭವೇ. ಆದರೆ ದರ ಕಡಿಮೆ ತೋರಿಸಲು ಗಾಯಗಳನ್ನು ಮರೆಮಾಚುವ ಒತ್ತಡ ಬರುತ್ತದೆ ಎಂಬುದನ್ನೂ, ಅದಕ್ಕಾಗಿ ನಿಯರ್ ಮಿಸ್ ವರದಿಗಳ ಸಂಖ್ಯೆಯನ್ನೂ ಜೊತೆಗಿಟ್ಟು ನೋಡಬೇಕು ಎಂಬುದನ್ನೂ ಸೇರಿಸಿದರೆ ಉತ್ತರ ಗಟ್ಟಿಯಾಗುತ್ತದೆ.

ಇಂಗ್ಲಿಷ್ ಬಾರದೆಂಬ ಅಳುಕು ನಮ್ಮ ಕಡೆಯ ಅಭ್ಯರ್ಥಿಗಳಿಗೆ ಹೆಚ್ಚು. ‘ಕನ್ನಡದಲ್ಲಿ ಹೇಳಬಹುದಾ ಸರ್?’ ಎಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ. ಐಸೊಲೇಟರ್, ಪರ್ಮಿಟ್, ಹಾರ್ನೆಸ್ ಎಂಬ ಪದಗಳು ಹೇಗೂ ಕಾರ್ಖಾನೆಯ ಕನ್ನಡದಲ್ಲಿ ಸೇರಿಹೋಗಿವೆ. ತಡವರಿಸುವ ಇಂಗ್ಲಿಷಿನಲ್ಲಿ ಕ್ರಮ ತಪ್ಪಿ ಹೇಳುವುದಕ್ಕಿಂತ ಕನ್ನಡದಲ್ಲಿ ಕ್ರಮವಾಗಿ ಹೇಳುವುದು ಎಷ್ಟೋ ಮೇಲು.

ಕೊನೆಯಲ್ಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯಾ?’ ಎಂದಾಗ ಸಂಬಳದ ಜೊತೆಗೆ ಇದನ್ನೂ ಕೇಳಬೇಕು: ಯಂತ್ರ ಮುಟ್ಟುವ ಮೊದಲು ಎಷ್ಟು ದಿನದ ತರಬೇತಿ ಇರುತ್ತದೆ, ಸುರಕ್ಷತಾ ಸಮಿತಿಯಲ್ಲಿ ಕೆಲಸಗಾರರ ಪ್ರತಿನಿಧಿಗಳು ಯಾರು, ಶೂ ಮತ್ತು ಹೆಲ್ಮೆಟ್ಟಿನ ಹಣವನ್ನು ಸಂಬಳದಲ್ಲಿ ಹಿಡಿಯುತ್ತೀರಾ. ಹಿಡಿಯಬಾರದು, ಅದನ್ನು ಮಾಲೀಕರೇ ಒದಗಿಸಬೇಕು. ಗುತ್ತಿಗೆದಾರರ ಮೂಲಕ ಸೇರುತ್ತಿದ್ದರೆ, ತಿಂಗಳ ವೇತನ 21,000 ರೂಪಾಯಿಯ ಒಳಗಿದ್ದು ಸಂಸ್ಥೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ, ತಮ್ಮ ಹೆಸರಿನ ಇಎಸ್‌ಐ ಸಂಖ್ಯೆ ಯಾವಾಗ ಸಿಗುತ್ತದೆ ಎಂದು ಕೇಳಲೇಬೇಕು. ಕೆಲಸದಲ್ಲಿ ಗಾಯಗೊಂಡು ಮನೆಯಲ್ಲಿ ಕೂರಬೇಕಾದರೆ ವೇತನದ ಶೇ 90ರಷ್ಟನ್ನು ಇಎಸ್‌ಐ ಕೊಡುತ್ತದೆ, ಈ ಸೌಲಭ್ಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಸೇರಿದ ಮೊದಲ ದಿನವೇ ಗಾಯವಾದರೂ ಅದು ಅನ್ವಯಿಸುತ್ತದೆ.